ನಿಶ್ಚಿತಾರ್ಥ ಮುರಿದ ಮೇಲೆ ಜಂಟಿ ಹೆಸರಿನ ಮನೆಯನ್ನು ಬಿಡಿಸಿಕೊಳ್ಳುವ ಬಗೆ

ಫಲತಾಂಬೂಲ ಬದಲಾಯಿಸಿಕೊಂಡು, ಮದುವೆಗೆ ಇನ್ನೂ ಎಂಟು ಹತ್ತು ತಿಂಗಳಿರುವಾಗಲೇ ಫ್ಲಾಟ್ ಕೊಳ್ಳುವುದು ಬೆಂಗಳೂರಿನ ದುಡಿಯುವ ಜೋಡಿಗಳಲ್ಲಿ ಈಗ ಅಪರೂಪವೇನಲ್ಲ. ಇಬ್ಬರ ಸಂಬಳ ಸೇರಿಸಿ ತೋರಿಸಿದರೆ ಬ್ಯಾಂಕು ಹೆಚ್ಚು ಸಾಲ ಮಂಜೂರು ಮಾಡುತ್ತದೆ, ಮದುವೆಯಾದ ಮೇಲೆ ಬಾಡಿಗೆ ಮನೆ ಹುಡುಕುವ ತಾಪತ್ರಯ ತಪ್ಪುತ್ತದೆ, ಹಿರಿಯರಿಗೂ ಸಮಾಧಾನವಾಗುತ್ತದೆ. ಹೀಗೆ ಕ್ರಯಪತ್ರದಲ್ಲಿ ಇಬ್ಬರ ಹೆಸರು, ಸಾಲದ ಕಾಗದಗಳಲ್ಲಿ ಇಬ್ಬರ ಸಹಿ ಬೀಳುತ್ತವೆ. ಆಮೇಲೆ ಯಾವುದೋ ಕಾರಣಕ್ಕೆ ಮದುವೆ ನಿಂತುಹೋದರೆ, ಉಂಗುರ, ಸೀರೆ, ಬೆಳ್ಳಿತಟ್ಟೆಗಳನ್ನು ಹಿಂದಿರುಗಿಸುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮನೆ ಮಾತ್ರ ಇಬ್ಬರ ಕೊರಳಿಗೂ ಸುತ್ತಿಕೊಂಡೇ ಇರುತ್ತದೆ.

ನಮ್ಮ ಮನೆಯಲ್ಲೇ ಇಂಥದೊಂದು ನಡೆಯಿತು. ತಂಗಿಯ ಪರವಾಗಿ ಪಾಸ್‌ಬುಕ್ಕು, ರಸೀತಿಗಳನ್ನು ಹಿಡಿದುಕೊಂಡು ಹುಡುಗನ ಅಣ್ಣನ ಎದುರು ಕೂತವನು ನಾನು. ಇಂಥ ಮನೆಯ ವಿಷಯದಲ್ಲಿ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿವೆ ಎಂಬುದು ನನಗೆ ಅಲ್ಲಿ ಅರಿವಾಯಿತು: ಪತ್ರದಲ್ಲಿ ಯಾರ ಹೆಸರಿದೆ, ಸಾಲದಲ್ಲಿ ಯಾರ ಹೆಸರಿದೆ, ಹಣ ಯಾರ ಖಾತೆಯಿಂದ ಹೋಗಿದೆ. ಎರಡೂ ಕಡೆಯವರು ಈ ಮೂರನ್ನೂ ಕಲಸಿ ಮಾತನಾಡುವುದರಿಂದಲೇ ಜಗಳ ಮುಗಿಯುವುದಿಲ್ಲ. ಮುಂದೆ ಬರೆದಿರುವುದು ಕರ್ನಾಟಕದಲ್ಲಿ ನೋಂದಣಿಯಾಗಿರುವ, ಬ್ಯಾಂಕ್ ಸಾಲವಿರುವ ಫ್ಲಾಟನ್ನು ಮನಸ್ಸಿನಲ್ಲಿಟ್ಟುಕೊಂಡು. ಪತ್ರದ ಕರಡನ್ನು ಮಾತ್ರ ವಕೀಲರೊಬ್ಬರಿಗೆ ತೋರಿಸದೆ ಸಹಿ ಮಾಡಬೇಡಿ. ಆ ಶುಲ್ಕದಲ್ಲಿ ಉಳಿತಾಯ ಮಾಡುವುದು ಜಾಣತನವಲ್ಲ.

ಕಾನೂನಿಗೆ ನೀವಿಬ್ಬರೂ ಅಪರಿಚಿತರು

ನಿಶ್ಚಿತಾರ್ಥಕ್ಕೆ ನಮ್ಮ ಸಮಾಜದಲ್ಲಿ ಎಷ್ಟೇ ತೂಕವಿದ್ದರೂ ಆಸ್ತಿ, ತೆರಿಗೆ, ಮುದ್ರಾಂಕ ಶುಲ್ಕಗಳ ಕಾನೂನುಗಳಲ್ಲಿ ಅದಕ್ಕೆ ಯಾವ ಸ್ಥಾನವೂ ಇಲ್ಲ. ಪತಿ, ಪತ್ನಿ, ಒಡಹುಟ್ಟಿದವರು, ತಂದೆತಾಯಿಗಳಿಗೆ ಸಿಗುವ ರಿಯಾಯಿತಿಗಳು ನಿಮಗೆ ಸಿಗುವುದಿಲ್ಲ. ನೀವಿಬ್ಬರೂ ಒಟ್ಟಿಗೆ ಒಂದು ಆಸ್ತಿ ಕೊಂಡ ಇಬ್ಬರು ವ್ಯಕ್ತಿಗಳು, ಅಷ್ಟೇ. ಈ ಒಂದು ಸಂಗತಿಯಿಂದ ಹಲವು ಪರಿಣಾಮಗಳು ಹುಟ್ಟುತ್ತವೆ.

ಮೊದಲನೆಯದು ಪಾಲಿನ ವಿಷಯ. ಕ್ರಯಪತ್ರದಲ್ಲಿ ‘ಶೇ 60, ಶೇ 40’ ಎಂದೋ ‘ಸಮಪಾಲು’ ಎಂದೋ ಬರೆದಿದ್ದರೆ ಸಾಮಾನ್ಯವಾಗಿ ಅದೇ ನಿಲ್ಲುತ್ತದೆ. ಏನೂ ಬರೆದಿರದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನಂತೆ, ಯಾರು ಎಷ್ಟು ಹಣ ಹಾಕಿದ್ದಾರೋ ಆ ಪ್ರಮಾಣದಲ್ಲಿ ಪಾಲು ದೊರೆಯುತ್ತದೆ. ಯಾರೆಷ್ಟು ಹಾಕಿದರು ಎಂಬುದಕ್ಕೆ ಪುರಾವೆಯೇ ಇಲ್ಲದಿದ್ದರೆ ಇಬ್ಬರಿಗೂ ಸಮಪಾಲು ಎಂದು ಭಾವಿಸಲಾಗುತ್ತದೆ. ಹಾಗಾಗಿ ರಸೀತಿ, ಬ್ಯಾಂಕ್ ವಿವರಣೆಗಳನ್ನು ಜೋಡಿಸುವುದು ಬರೀ ಮನಸ್ಸಮಾಧಾನಕ್ಕಾಗಿ ಮಾಡುವ ಕೆಲಸವಲ್ಲ.

ಎರಡನೆಯದು ಹಣ ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಪರಿಸ್ಥಿತಿ. ಸಾಲ ಸುಲಭವಾಗಲಿ ಎಂದೋ, ಪ್ರೀತಿಯಿಂದಲೋ ಮನೆಯನ್ನು ಪೂರ್ತಿ ಒಬ್ಬರ ಹೆಸರಿಗೇ ನೋಂದಾಯಿಸಿ, ಕಂತನ್ನು ಮತ್ತೊಬ್ಬರು ಕಟ್ಟಿರುವುದುಂಟು. ಆಗ ‘ನಿಜವಾದ ಮಾಲೀಕ ನಾನೇ’ ಎಂದು ದಾವೆ ಹೂಡಹೊರಟರೆ 1988ರ ಬೇನಾಮಿ ವ್ಯವಹಾರ ನಿಷೇಧ ಕಾಯ್ದೆ ಅಡ್ಡ ಬರುತ್ತದೆ. ಗಂಡನು ಹೆಂಡತಿಯ ಹೆಸರಿನಲ್ಲಿ ತನ್ನ ಸಂಪಾದನೆಯಿಂದ ಕೊಂಡದ್ದಕ್ಕೆ ಅಲ್ಲಿರುವ ವಿನಾಯಿತಿ ಮದುವೆ ನಿಶ್ಚಯವಾದವರಿಗೆ ಇಲ್ಲ. ಅಂಥವರು ಮನೆಯನ್ನಲ್ಲ, ತಾವು ಕೊಟ್ಟ ಹಣವನ್ನು ಕೇಳುವುದು ವಿವೇಕ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ‘ನೋಡೋಣ, ನೋಡೋಣ’ ಎನ್ನುತ್ತ ಕಾಲ ಕಳೆಯಬಾರದು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಲೆಕ್ಕ ಮುಗಿಯುವ ಮೊದಲೇ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಅವರ ಪಾಲು ನಿಮಗೆ ಬರುವುದಿಲ್ಲ. ಅದು ಅವರ ವಾರಸುದಾರರಿಗೆ, ಎಂದರೆ ಹೆಚ್ಚಾಗಿ ಅವರ ತಾಯಿಗೆ ಅಥವಾ ತಂದೆತಾಯಿಗಳಿಗೆ ಹೋಗುತ್ತದೆ. ಆಗ ಒಂದು ಸಹಿಯಿಂದ ಮುಗಿಯಬೇಕಾಗಿದ್ದದ್ದಕ್ಕೆ ವಂಶವೃಕ್ಷ, ಮರಣ ಪ್ರಮಾಣಪತ್ರಗಳೆಲ್ಲ ಬೇಕಾಗುತ್ತವೆ. ಬೇಗ ಬಿಡಿಸಿಕೊಳ್ಳಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಮೊದಲ ವಾರದಲ್ಲಿ ಕಂತು ನಿಲ್ಲದಂತೆ ನೋಡಿಕೊಳ್ಳುವುದು

ನಿಮ್ಮ ಸಂಬಂಧ ಮುರಿದಿರುವುದು ಬ್ಯಾಂಕಿಗೆ ಗೊತ್ತಿಲ್ಲ, ಗೊತ್ತಾದರೂ ಅದಕ್ಕೆ ಸಂಬಂಧವಿಲ್ಲ. ಜಂಟಿ ಸಾಲದಲ್ಲಿ ಇಬ್ಬರೂ ಇಡೀ ಸಾಲಕ್ಕೆ ಹೊಣೆಗಾರರೇ ಹೊರತು ಅರ್ಧರ್ಧಕ್ಕಲ್ಲ. ಒಬ್ಬರು ಕಟ್ಟುವುದನ್ನು ನಿಲ್ಲಿಸಿದರೆ ಬ್ಯಾಂಕು ಪೂರ್ತಿ ಬಾಕಿಯನ್ನು ಇನ್ನೊಬ್ಬರಿಂದ ಕೇಳಬಹುದು, ತಪ್ಪಿದ ಕಂತು ಇಬ್ಬರ ಸಿಬಿಲ್ ವರದಿಯಲ್ಲೂ (ಸಾಲ ತೀರಿಸಿದ ಇತಿಹಾಸದ ದಾಖಲೆ) ಕಾಣಿಸಿಕೊಳ್ಳುತ್ತದೆ. ಸಿಟ್ಟಿನಲ್ಲಿ ‘ಈ ತಿಂಗಳಿಂದ ನನ್ನ ಪಾಲು ಹಾಕುವುದಿಲ್ಲ’ ಎನ್ನುವವರು ಮೂರು ತಿಂಗಳ ನಂತರ ಬೇರೆ ಮನೆಗೆ ಸಾಲ ಕೇಳಲು ಹೋದಾಗ ಆ ಸಿಟ್ಟಿನ ಬೆಲೆ ತೆರುತ್ತಾರೆ.

ಆದ್ದರಿಂದ ಮಾತುಕತೆ ಎಲ್ಲಿಗೇ ಬಂದಿರಲಿ, ಮೊದಲ ವಾರದಲ್ಲೇ ಒಂದು ಮಧ್ಯಂತರ ಒಪ್ಪಂದ ಮಾಡಿಕೊಳ್ಳಬೇಕು. ಕಂತು ಕಡಿತವಾಗುವ ಖಾತೆಗೆ ಪ್ರತಿ ತಿಂಗಳು ಯಾರು ಎಷ್ಟು, ಯಾವ ತಾರೀಕಿನೊಳಗೆ ಹಾಕಬೇಕು, ಮನೆ ಯಾರ ವಶದಲ್ಲಿರುತ್ತದೆ, ಬೀಗದ ಕೈ ಯಾರ ಬಳಿ ಇರುತ್ತದೆ, ಯಾರ ಒಪ್ಪಿಗೆಯಿಲ್ಲದೆ ಏನನ್ನು ಮಾಡಬಾರದು ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಇಮೇಲ್ ಮೂಲಕ ‘ಒಪ್ಪಿಗೆ’ ಎಂದು ತಿಳಿಸಿದರೆ ಸದ್ಯಕ್ಕೆ ಸಾಕು. ಹಣವನ್ನು ಕೈಯಲ್ಲಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಹಾಕಿ, ವಿವರದಲ್ಲಿ ‘ಮನೆ ಕಂತು’ ಎಂದು ತಿಂಗಳಿನೊಂದಿಗೆ ಬರೆಯಿರಿ. ಅದೇ ಜಂಟಿ ಖಾತೆಯಿಂದ ಇನ್ನಾವುದೋ ಬಾಬ್ತಿನ ಹಣ ಹೋಗುತ್ತಿದ್ದರೆ ಅದನ್ನು ನಿಲ್ಲಿಸಿ, ಖಾತೆಯನ್ನು ಕಂತಿಗೆ ಮಾತ್ರ ಮೀಸಲಿಡಿ.

ಒಬ್ಬರು ಆ ಮನೆಯಲ್ಲೇ ಇದ್ದರೆ ಅವರನ್ನು ಬೀಗ ಬದಲಾಯಿಸಿ ಹೊರಗೆ ಹಾಕುವ ಸಾಹಸ ಬೇಡ. ಸಹಮಾಲೀಕರಿಗೆ ಅಲ್ಲಿರಲು ಹಕ್ಕಿದೆ. ಇಬ್ಬರೂ ಗಂಡಹೆಂಡಿರಂತೆ ಒಂದೇ ಸೂರಿನಡಿ ಬಾಳಿದ್ದರೆ, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯಡಿ ಆಕೆಗೆ ವಾಸದ ಹಕ್ಕಿನ ಪ್ರಶ್ನೆಯೂ ಏಳಬಹುದು. ಹಾಗೆಯೇ ಪಾಲಿನ ಚೌಕಾಸಿಗಾಗಿ ಪೊಲೀಸ್ ಠಾಣೆಯ ಬೆದರಿಕೆ ಹಾಕುವುದೂ ಬೇಡ. ನಿಜವಾಗಿ ಅಪರಾಧ ನಡೆದಿದ್ದರೆ, ಇಲ್ಲವೆ ಮದುವೆಯ ಷರತ್ತಾಗಿ ಮನೆಯ ಹಣವನ್ನು ಕೇಳಿ ಪಡೆದಿದ್ದರೆ, ಅದು ಬೇರೆಯೇ ವಿಷಯ. ಅದಕ್ಕೆ ಬೇರೆ ದಾರಿಯಿದೆ, ಅದನ್ನು ಈ ಲೆಕ್ಕದೊಂದಿಗೆ ಬೆರೆಸಬಾರದು.

ಲೆಕ್ಕವನ್ನು ಕಾಗದಕ್ಕೆ ಇಳಿಸುವುದು

ಈ ಭಾಗದಲ್ಲಿ ಅವಸರ ಬೇಡ. ಒಂದು ಉದ್ದ ಹಾಳೆಯಲ್ಲಿ ಅಥವಾ ಕಂಪ್ಯೂಟರಿನಲ್ಲಿ ನಾಲ್ಕು ಅಂಕಣಗಳನ್ನು ಎಳೆಯಿರಿ: ತಾರೀಕು, ಬಾಬ್ತು, ಮೊತ್ತ, ಯಾರ ಖಾತೆಯಿಂದ. ಮುಂಗಡ, ಬಿಲ್ಡರಿಗೆ ಕೊಟ್ಟ ಕಂತುಗಳು, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಸಾಲದ ಕಂತು, ಅಡುಗೆಮನೆಯ ಮರಗೆಲಸ, ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ಎಲ್ಲವೂ ಬರಲಿ. ತಂದೆ ಅಥವಾ ಮಾವ ಕೊಟ್ಟ ಹಣವನ್ನು ಅವರು ಯಾರಿಗಾಗಿ ಕೊಟ್ಟರೋ ಅವರ ಅಂಕಣಕ್ಕೇ ಸೇರಿಸಿ. ಗೃಹಪ್ರವೇಶದ ಊಟದ ಖರ್ಚನ್ನು ಸೇರಿಸಬೇಡಿ. ನಾವು ಸೇರಿಸಲು ಹೋಗಿ ಒಂದು ಭಾನುವಾರವನ್ನೇ ಕಳೆದುಕೊಂಡೆವು.

ಒಂದು ಕಲ್ಪಿತ ಲೆಕ್ಕ ನೋಡೋಣ. ಫ್ಲಾಟಿನ ಬೆಲೆ 80 ಲಕ್ಷ. ಆಕೆ ಕೈಯಿಂದ 12 ಲಕ್ಷ, ಆತ 8 ಲಕ್ಷ ಹಾಕಿದರು. ಉಳಿದ 60 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಜಂಟಿ ಸಾಲ, ತಿಂಗಳ ಕಂತು ಸುಮಾರು 52,069 ರೂಪಾಯಿ. ನೋಂದಣಿಯ ಖರ್ಚು 5.28 ಲಕ್ಷವನ್ನು ಆಕೆಯ ತಂದೆ ಕೊಟ್ಟರು. ಒಳಾಂಗಣದ ಮರಗೆಲಸಕ್ಕೆ ಆತ 6 ಲಕ್ಷ ಹಾಕಿದ. ಹದಿನೆಂಟು ಕಂತುಗಳಲ್ಲಿ ಆಕೆ ಆರು, ಆತ ಹನ್ನೆರಡು ಕಟ್ಟಿದ್ದಾರೆ. ‘ಮುಂಗಡದಲ್ಲಿ ಹೆಚ್ಚು ಹಾಕಿದವಳು ನಾನು’ ಎಂದು ಆಕೆ, ‘ಕಂತು ಕಟ್ಟಿದವನು ನಾನು’ ಎಂದು ಆತ ಹೇಳುತ್ತಿರುತ್ತಾರೆ. ಕೂಡಿ ನೋಡಿದರೆ ಆಕೆಯದು ಸುಮಾರು 20.40 ಲಕ್ಷ, ಆತನದು 20.25 ಲಕ್ಷ. ಅಂತರ ಹದಿನಾರು ಸಾವಿರಕ್ಕಿಂತ ಕಡಿಮೆ! ನಮ್ಮ ತಂಗಿಯ ವಿಷಯದಲ್ಲಿ ಅಂತರ ಇಷ್ಟು ಚಿಕ್ಕದಾಗಿರಲಿಲ್ಲ. ಆದರೆ ಎರಡೂ ಕಡೆಯವರು ಬಾಯಲ್ಲಿ ಹೇಳುತ್ತಿದ್ದುದಕ್ಕೂ ಹಾಳೆಯಲ್ಲಿ ಬಂದುದಕ್ಕೂ ಹೋಲಿಕೆಯೇ ಇರಲಿಲ್ಲ.

ಈಗ ಎರಡನೆಯ ಲೆಕ್ಕ. ಹದಿನೆಂಟು ತಿಂಗಳಲ್ಲಿ ಕಟ್ಟಿದ 9.37 ಲಕ್ಷದಲ್ಲಿ ಅಸಲಿಗೆ ಹೋದದ್ದು 1.83 ಲಕ್ಷ ಮಾತ್ರ, ಉಳಿದದ್ದೆಲ್ಲ ಬಡ್ಡಿ. ಸಾಲ ಇನ್ನೂ 58.17 ಲಕ್ಷ ಉಳಿದಿದೆ. ಮನೆಗೆ ಈಗ 90 ಲಕ್ಷ ಬೆಲೆ ಬಂದರೆ ನಿವ್ವಳ ಉಳಿಯುವುದು 31.83 ಲಕ್ಷ, ಸಮಪಾಲಾದರೆ ತಲೆಗೆ ಸುಮಾರು 15.9 ಲಕ್ಷ. ಹಾಕಿದ್ದು ಇಪ್ಪತ್ತು, ಬರುವುದು ಹದಿನಾರು ಎಂಬುದನ್ನು ಕಂಡಾಗ ಇಬ್ಬರಿಗೂ ಮೋಸವಾದಂತೆ ಅನಿಸುತ್ತದೆ. ಯಾರೂ ಮೋಸ ಮಾಡಿಲ್ಲ. ಆ ನಾಲ್ಕು ಲಕ್ಷಕ್ಕಿಂತ ಹೆಚ್ಚಿನ ಹಣ ಬಡ್ಡಿಗೂ, ಸರ್ಕಾರದ ಶುಲ್ಕಕ್ಕೂ, ಹಳತಾಗುವ ಪ್ಲೈವುಡ್ಡಿಗೂ ಹೋಗಿದೆ. ಈ ಮಾತನ್ನು ಲೆಕ್ಕದ ಮೊದಲೇ ಇಬ್ಬರ ಮನೆಯ ಹಿರಿಯರಿಗೂ ವಿವರಿಸಿಬಿಟ್ಟರೆ ಅರ್ಧ ಗಲಾಟೆ ಕಡಿಮೆಯಾಗುತ್ತದೆ.

ಒಬ್ಬರೇ ಆ ಮನೆಯಲ್ಲಿ ವಾಸವಿದ್ದರೆ ಅಥವಾ ಅದನ್ನು ಬಾಡಿಗೆಗೆ ಕೊಟ್ಟು ಹಣ ಪಡೆಯುತ್ತಿದ್ದರೆ, ಅದೇ ಕಟ್ಟಡದಲ್ಲಿ ನಡೆಯುವ ಬಾಡಿಗೆಯ ಅರ್ಧವನ್ನು ಮತ್ತೊಬ್ಬರ ಲೆಕ್ಕಕ್ಕೆ ಜಮಾ ಮಾಡುವುದು ನ್ಯಾಯ. ಇನ್ನು ಮನೆಯ ಬೆಲೆಯನ್ನು ನಿಗದಿಪಡಿಸಲು ದಲ್ಲಾಳಿಯ ಬಾಯಿಮಾತನ್ನು ನಂಬಬಾರದು. ಬ್ಯಾಂಕುಗಳು ಬಳಸುವ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಪಡೆದು, ಅದರ ಶುಲ್ಕವನ್ನು ಹಂಚಿಕೊಳ್ಳಿ. ಸರ್ಕಾರದ ಮಾರ್ಗಸೂಚಿ ಬೆಲೆ ಬೇರೆ, ಪೇಟೆಯ ಬೆಲೆ ಬೇರೆ. ಮೊದಲನೆಯದು ಶುಲ್ಕ ಕಟ್ಟುವುದಕ್ಕೆ, ಎರಡನೆಯದು ಪಾಲು ಹಂಚುವುದಕ್ಕೆ.

ಮಾರುವುದೋ, ಒಬ್ಬರೇ ಇಟ್ಟುಕೊಳ್ಳುವುದೋ

ಇಬ್ಬರಿಗೂ ಮನೆಯ ಮೇಲೆ ಮೋಹವಿಲ್ಲದಿದ್ದರೆ ಮೂರನೆಯವರಿಗೆ ಮಾರುವುದೇ ಅತ್ಯಂತ ಸ್ವಚ್ಛವಾದ ದಾರಿ. ಕೊಳ್ಳುವವರ ಬ್ಯಾಂಕು ನಿಮ್ಮ ಸಾಲವನ್ನು ನೇರವಾಗಿ ತೀರಿಸುತ್ತದೆ, ಉಳಿದ ಹಣ ಎರಡು ಪ್ರತ್ಯೇಕ ಖಾತೆಗಳಿಗೆ ಪಾಲಿನ ಪ್ರಕಾರ ಹೋಗುತ್ತದೆ, ಮುದ್ರಾಂಕ ಶುಲ್ಕ ಕೊಳ್ಳುವವರದು. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ವಿಧಿಸುವಂತಿಲ್ಲ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಒಬ್ಬರು ಇಟ್ಟುಕೊಳ್ಳುವುದಾದರೆ ಮೊದಲು ಕೇಳಬೇಕಾದ ಪ್ರಶ್ನೆ ‘ಯಾರಿಗೆ ಬೇಕು’ ಎಂಬುದಲ್ಲ, ‘ಯಾರ ಒಂಟಿ ಸಂಬಳಕ್ಕೆ ಬ್ಯಾಂಕು ಇಷ್ಟು ಸಾಲ ಕೊಡುತ್ತದೆ’ ಎಂಬುದು. ಇಬ್ಬರ ಸಂಬಳ ನೋಡಿ ಕೊಟ್ಟ 58 ಲಕ್ಷವನ್ನು ಒಬ್ಬರ ಹೆಸರಿಗೆ ಬದಲಿಸಲು ಬ್ಯಾಂಕು ಹೊಸದಾಗಿ ಅರ್ಹತೆ ಅಳೆಯುತ್ತದೆ. ಒಪ್ಪದಿದ್ದರೆ ತಂದೆಯನ್ನೋ ಅಣ್ಣನನ್ನೋ ಸಹಸಾಲಗಾರರಾಗಿ ತರಬಹುದು, ಒಂದಷ್ಟು ಅಸಲನ್ನು ಮೊದಲೇ ಕಟ್ಟಬಹುದು, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬಹುದು. ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಮನೆ ನನ್ನದೇ ಎಂದು ಯಾರಿಗೂ ಹೇಳಿಕೊಳ್ಳಬೇಡಿ.

ಇಬ್ಬರೂ ಮಾಲೀಕರಾಗಿಯೇ ಉಳಿದು, ಮನೆಯನ್ನು ಬಾಡಿಗೆಗೆ ಕೊಟ್ಟು, ಬೆಲೆ ಏರಿದ ಮೇಲೆ ಮಾರೋಣ ಎಂಬ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಇಬ್ಬರಿಗೂ ಬೇರೆ ಬೇರೆ ಮದುವೆಯಾಗಿ, ಹೊಸ ಬೀಗರು ‘ಆ ಮನೆಯದೇನು ಕಥೆ’ ಎಂದು ಕೇಳುವ ದಿನವನ್ನು ನೆನೆದರೆ ಆ ಸಲಹೆ ನನಗೆ ಹಿಡಿಸುವುದಿಲ್ಲ. ಅನಿವಾರ್ಯವಾದರೆ ಕೊನೆಯ ತಾರೀಕನ್ನು ಬರೆದುಕೊಂಡೇ ಒಪ್ಪಿ.

ಪತ್ರ ಮತ್ತು ಸಾಲ ಎರಡೂ ಒಂದೇ ದಿನ

ಒಬ್ಬ ಸಹಮಾಲೀಕರು ತಮ್ಮ ಪಾಲಿನ ಹಕ್ಕನ್ನು ಇನ್ನೊಬ್ಬ ಸಹಮಾಲೀಕರಿಗೆ ಬಿಟ್ಟುಕೊಡಲು ಮಾಡುವ ದಸ್ತಾವೇಜಿಗೆ ಹಕ್ಕು ಬಿಡುಗಡೆ ಪತ್ರ ಅಥವಾ ಖುಲಾಸೆ ಪತ್ರ ಎನ್ನುತ್ತಾರೆ. ಕಚೇರಿಗಳಲ್ಲಿ ‘ರಿಲೀಸ್ ಡೀಡ್’ ಎಂದೇ ರೂಢಿ. ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಹಕ್ಕು ಹೋಗುವುದಿಲ್ಲ, ಬರುವುದೂ ಇಲ್ಲ. ಸ್ಥಿರಾಸ್ತಿಯ ಹಕ್ಕನ್ನು ಬಿಡುವ ಪತ್ರ 1908ರ ನೋಂದಣಿ ಕಾಯ್ದೆಯಂತೆ ನೋಂದಣಿಯಾಗಲೇಬೇಕು.

ಅಪರಿಚಿತರು ಎಂಬ ಮಾತಿನ ಬಿಸಿ ತಟ್ಟುವುದು ಇಲ್ಲೇ. ಗಂಡಹೆಂಡಿರ ನಡುವೆ, ಅಣ್ಣತಂಗಿಯರ ನಡುವೆ ಬಿಡುಗಡೆ ಪತ್ರ ಆದರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕೆಲವು ಸಾವಿರಗಳಲ್ಲಿ ಮುಗಿಯುತ್ತದೆ. ಕುಟುಂಬದವರಲ್ಲದವರ ನಡುವೆ ಆದರೆ ಬಿಟ್ಟುಕೊಡುವ ಪಾಲಿನ ಮೇಲೆ ಕ್ರಯಪತ್ರದ ದರದಲ್ಲೇ ಶುಲ್ಕ ಬೀಳುತ್ತದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರ ಮತ್ತು ಅಧಿಭಾರ, 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ 7.6 ಆಗುತ್ತದೆ. ಮೇಲಿನ ಲೆಕ್ಕದಲ್ಲಿ 45 ಲಕ್ಷ ಬೆಲೆಯ ಅರ್ಧ ಪಾಲಿಗೆ ಇದು ಸುಮಾರು 3.4 ಲಕ್ಷ. ಈ ಮೊತ್ತ ಯಾರ ತಲೆಗೆ ಎಂಬುದನ್ನು ಬೆಲೆ ಮಾತಾಡುವಾಗಲೇ ತೀರ್ಮಾನಿಸಿ. ಉಳಿಸಿಕೊಳ್ಳುವವರು ಕೊಡುವುದು ವಾಡಿಕೆ. ನಿಖರ ಮೊತ್ತವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿಕೊಳ್ಳಬಹುದು.

ಈಗ ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಪತ್ರದಿಂದ ಹೆಸರು ಹೋದರೆ ಸಾಲದಿಂದ ಹೆಸರು ತಾನಾಗಿ ಹೋಗುವುದಿಲ್ಲ. ನನ್ನ ಪರಿಚಯದ ಹುಡುಗನೊಬ್ಬ ಸಂಕೋಚಕ್ಕೆ ಬಿದ್ದು ಮೊದಲು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ‘ಸಾಲದ್ದು ಆಮೇಲೆ ಮಾಡಿಸುತ್ತೇನೆ’ ಎಂಬ ಮಾತನ್ನು ನಂಬಿದ. ಮನೆಯಲ್ಲಿ ಅವನಿಗೆ ಒಂದು ಇಟ್ಟಿಗೆಯ ಹಕ್ಕೂ ಉಳಿಯಲಿಲ್ಲ, ಸಾಲದಲ್ಲಿ ಮಾತ್ರ ಎರಡು ವರ್ಷ ಅವನ ಹೆಸರು ಉಳಿದಿತ್ತು. ಉಲ್ಟಾ ಆದರೂ ಅಪಾಯವೇ: ಸಾಲವನ್ನು ಪೂರ್ತಿ ತಮ್ಮ ಮೇಲೆ ಹಾಕಿಕೊಂಡ ಮೇಲೆ ಮತ್ತೊಬ್ಬರು ಸಹಿ ಹಾಕಲು ಬಾರದಿದ್ದರೆ ಅರ್ಧ ಮನೆಗೆ ಇಡೀ ಸಾಲ ಕಟ್ಟಬೇಕಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಉಳಿಸಿಕೊಳ್ಳುವವರು ಒಂಟಿ ಹೆಸರಿನ ಸಾಲದ ಮಂಜೂರಾತಿ ಪಡೆಯಬೇಕು. ಬಿಡುಗಡೆ ಪತ್ರದ ಕರಡನ್ನು ಬ್ಯಾಂಕಿನ ವಕೀಲರು ಒಪ್ಪಬೇಕು, ಮೂಲಪತ್ರಗಳು ಅಡಮಾನದಲ್ಲಿರುವುದರಿಂದ ಬ್ಯಾಂಕಿನ ಲಿಖಿತ ಒಪ್ಪಿಗೆಯೂ ಬೇಕು. ಕರಡಿನಲ್ಲಿ ಹಕ್ಕು ಬಿಡುವುದಕ್ಕೆ ಕೊಡುವ ಮೊತ್ತ, ಚೆಕ್ಕು ಅಥವಾ ಡಿಡಿಯ ಸಂಖ್ಯೆ, ಸಾಲದ ಬಾಕಿ ಇನ್ನು ಯಾರ ಹೊಣೆ, ಹಳೆಯ ಸಾಲದಿಂದ ಮುಂದೆ ಏನಾದರೂ ನಷ್ಟವಾದರೆ ಯಾರು ತುಂಬಿಕೊಡಬೇಕು ಎಂಬುದು ಸ್ಪಷ್ಟವಾಗಿರಬೇಕು. ಬೆಂಗಳೂರಿನಲ್ಲಿ 2024ರ ಕೊನೆಯಿಂದ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ಪ್ರತಿ) ಇಲ್ಲದೆ ನೋಂದಣಿ ನಡೆಯುವುದಿಲ್ಲವಾದ್ದರಿಂದ, ಈಗಿನ ಇ-ಖಾತಾದಲ್ಲಿ ಇಬ್ಬರ ಹೆಸರೂ ಸರಿಯಾಗಿ, ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ವಾರಗಳ ಮುಂಚೆ ನೋಡಿಕೊಳ್ಳಿ. ಹೆಸರಿನ ಒಂದು ಅಕ್ಷರ ವ್ಯತ್ಯಾಸವಾಗಿದ್ದರೂ ಸರಿಪಡಿಸಲು ಸಮಯ ಹಿಡಿಯುತ್ತದೆ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಕರಡು ಏರಿಸಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿಕೊಂಡು ಕಚೇರಿಗೆ ಹೋಗಬೇಕು.

ಆ ದಿನ ಕಚೇರಿಯ ಬೆಂಚಿನ ಮೇಲೆ ಇಬ್ಬರೂ ಗಂಟೆಗಟ್ಟಲೆ ಅಕ್ಕಪಕ್ಕ ಕೂರಬೇಕಾಗಿ ಬರಬಹುದು. ಫೋಟೊ, ಹೆಬ್ಬೆಟ್ಟಿನ ಗುರುತು, ಸಹಿ ಎಲ್ಲ ಒಟ್ಟಿಗೇ. ಇಬ್ಬರ ಪರವಾಗಿಯೂ ಮಾತು ಕಡಿಮೆಯಿರುವ ಒಬ್ಬೊಬ್ಬರನ್ನು ಸಾಕ್ಷಿಗೆ ಕರೆತನ್ನಿ. ಸೋದರಮಾವನಂಥ ಸಿಟ್ಟಿನವರನ್ನು ಅಂದು ಮನೆಯಲ್ಲೇ ಬಿಟ್ಟು ಬರುವುದು ಲೇಸು. ಡಿಡಿ ಕೈ ಬದಲಾಗುವುದು, ಸಹಿ ಬೀಳುವುದು, ಬ್ಯಾಂಕಿನಲ್ಲಿ ಹೊಸ ಸಾಲದ ಕಾಗದಗಳು ಪೂರ್ತಿಯಾಗುವುದು, ಮೂರೂ ಅಂದೇ ಅಥವಾ ಮರುದಿನದೊಳಗೆ ಆಗುವಂತೆ ಬ್ಯಾಂಕಿನವರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಿ.

ಒಬ್ಬರು ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರದ ಮೂಲಕ ತಂದೆಯೋ ಅಣ್ಣನೋ ಸಹಿ ಹಾಕಬಹುದು. ಆ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅದರಲ್ಲಿ ‘ಎಲ್ಲ ವ್ಯವಹಾರ’ ಎಂದು ಬರೆಯದೆ ಈ ಒಂದು ಫ್ಲಾಟಿನ ಹಕ್ಕು ಬಿಡುಗಡೆಗೆ ಮಾತ್ರ ಎಂದು ಸೀಮಿತಗೊಳಿಸಿ.

ತೆರಿಗೆ

‘ನನಗೇನೂ ಬೇಡ, ಅರ್ಧ ಮನೆ ನೀನೇ ಇಟ್ಟುಕೋ’ ಎಂಬ ಔದಾರ್ಯಕ್ಕೆ ಆದಾಯ ತೆರಿಗೆ ಇಲಾಖೆ ಒಪ್ಪುವುದಿಲ್ಲ. ಸಂಬಂಧಿಕರಲ್ಲದವರಿಂದ ಉಚಿತವಾಗಿ ಬಂದ ಸ್ಥಿರಾಸ್ತಿಯ ಮುದ್ರಾಂಕ ಬೆಲೆ (ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಲೆಕ್ಕಕ್ಕೆ ಹಿಡಿಯುವ ಬೆಲೆ) 50,000 ರೂಪಾಯಿ ಮೀರಿದರೆ ಅದು ಪಡೆದವರ ಆದಾಯವೆಂದೇ ಲೆಕ್ಕಕ್ಕೆ ಬರುತ್ತದೆ. ಮುದ್ರಾಂಕ ಬೆಲೆಗಿಂತ ತೀರ ಕಡಿಮೆ ಮೊತ್ತಕ್ಕೆ ಪಡೆದರೂ ಅದೇ ತೊಂದರೆ. ಮದುವೆಯ ಉಡುಗೊರೆಗಿರುವ ವಿನಾಯಿತಿ ಇಲ್ಲಿ ಸಿಗದು, ಮದುವೆಯೇ ಆಗಿಲ್ಲವಲ್ಲ.

ಬಿಟ್ಟುಕೊಟ್ಟು ಹಣ ಪಡೆಯುವವರಿಗೆ ಬಂಡವಾಳ ಲಾಭದ ತೆರಿಗೆ ಬರಬಹುದು. ಆಸ್ತಿಯನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದರೆ ದೀರ್ಘಾವಧಿಯ ಲಾಭವೆಂದು ಸಾಮಾನ್ಯವಾಗಿ ಶೇ 12.5ರ ದರ, ಅದಕ್ಕಿಂತ ಮೊದಲಾದರೆ ಲಾಭವು ಸಂಬಳದೊಂದಿಗೆ ಸೇರಿ ನಿಮ್ಮ ಹಂತದ ದರದಲ್ಲಿ ತೆರಿಗೆ. ಹದಿನೆಂಟನೆಯ ತಿಂಗಳಿನಲ್ಲಿರುವವರು ಆರು ತಿಂಗಳು ತಡೆದರೆ ಎಷ್ಟು ಉಳಿಯುತ್ತದೆ, ಅಷ್ಟರಲ್ಲಿ ಎಷ್ಟು ಬಡ್ಡಿ ಹೋಗುತ್ತದೆ ಎಂದು ತೂಗಿ ನೋಡಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಅಸಲಿನ ಮರುಪಾವತಿಗೆ ವಿನಾಯಿತಿ ಪಡೆದಿದ್ದರೆ, ಮನೆ ವಶಕ್ಕೆ ಬಂದ ಹಣಕಾಸು ವರ್ಷ ಮುಗಿದ ಐದು ವರ್ಷದೊಳಗೆ ಮಾರಿದಲ್ಲಿ ಆ ವಿನಾಯಿತಿ ವಾಪಸು ಹೋಗುತ್ತದೆ. 50 ಲಕ್ಷ ಅಥವಾ ಹೆಚ್ಚಿನ ಬೆಲೆಗೆ ಮಾರಿದರೆ ಕೊಳ್ಳುವವರು ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ (ಟಿಡಿಎಸ್) ಮಾಡುತ್ತಾರೆ. ಅದು ನಿಮ್ಮಿಬ್ಬರ ಪ್ಯಾನ್‌ಗೂ ಪಾಲಿನಂತೆ ಜಮೆಯಾಗಿದೆಯೇ ನೋಡಿ. ಮಾರುವವರು ಅನಿವಾಸಿಯಾಗಿದ್ದರೆ ಕಡಿತದ ನಿಯಮವೇ ಬೇರೆ, ದರವೂ ಹೆಚ್ಚು. ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿ.

ಕಟ್ಟಡ ಮುಗಿಯದ ಫ್ಲಾಟು, ಬಾಡಿಗೆ ಮನೆ

ಇನ್ನೂ ಕಟ್ಟುತ್ತಿರುವ ಫ್ಲಾಟಾದರೆ ಬಿಲ್ಡರ್ ಜೊತೆಗಿನ ಮಾರಾಟ ಕರಾರನ್ನು ಮೊದಲು ಓದಿ. ಬಿಲ್ಡರ್ ತಪ್ಪಿಲ್ಲದೆ ನೀವಾಗಿಯೇ ರದ್ದು ಮಾಡಿದರೆ ಬುಕಿಂಗ್ ಮೊತ್ತ ಕೈಬಿಡುವ ಸಂಭವವಿದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಬಡ್ಡಿಸಹಿತ ಮರುಪಾವತಿ ಬಿಲ್ಡರ್ ಮಾತು ತಪ್ಪಿದಾಗ ಸಿಗುವಂಥದ್ದು, ನಿಮ್ಮ ಮದುವೆ ಮುರಿದಾಗಲ್ಲ. ಕ್ರಯಪತ್ರ ಆಗುವ ಮೊದಲೇ ಒಂದು ಹೆಸರನ್ನು ತೆಗೆದು ಹೊಸ ಕರಾರು ಮಾಡಿಕೊಡುತ್ತಾರೆಯೇ, ಅದಕ್ಕೆಷ್ಟು ಶುಲ್ಕ ಎಂದು ವಿಚಾರಿಸಿ. ನೋಂದಣಿಯ ನಂತರ ಬಿಡಿಸಿಕೊಳ್ಳುವುದಕ್ಕಿಂತ ಇದು ಹೆಚ್ಚಾಗಿ ಅಗ್ಗ.

ಬಾಡಿಗೆ ಮನೆಯಾದರೆ ಎಲ್ಲವೂ ಸುಲಭ. ಹನ್ನೊಂದು ತಿಂಗಳ ಕರಾರಿನಲ್ಲಿ ಇಬ್ಬರ ಹೆಸರಿದ್ದರೆ ಮಾಲೀಕರಿಗೆ ತಿಳಿಸಿ ಒಬ್ಬರ ಹೆಸರಿನಲ್ಲಿ ಹೊಸ ಕರಾರು ಮಾಡಿಸಿ, ಅಡ್ವಾನ್ಸಿನಲ್ಲಿ ಹೋಗುವವರ ಪಾಲನ್ನು ಉಳಿಯುವವರು ಕೊಟ್ಟುಬಿಡಿ. ಸುಣ್ಣಬಣ್ಣಕ್ಕೆಂದು ಮುಂದೆ ಕಡಿತವಾಗುವ ಮೊತ್ತವನ್ನು ಈಗಲೇ ಅಂದಾಜಿಸಿ ಹಂಚಿಕೊಳ್ಳಿ.

ಮಾತಿಗೆ ಬಾರದಿದ್ದರೆ

ಆ ಕಡೆಯವರು ಫೋನೇ ಎತ್ತದಿದ್ದರೆ ವಕೀಲರ ನೋಟಿಸು ಕಳಿಸಬೇಕಾಗುತ್ತದೆ. ಆದರೆ ದಾವೆಗೆ ಮುನ್ನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಿ ಅವರನ್ನು ಮಾತುಕತೆಗೆ ಕರೆಸಬಹುದು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾಯ್ದೆಯಂತೆ ಉಚಿತ ಕಾನೂನು ನೆರವು ಸಿಗುತ್ತದೆ. ಅದೂ ಫಲಿಸದಿದ್ದರೆ ಉಳಿಯುವುದು ಪಾಲು ದಾವೆ. ಫ್ಲಾಟನ್ನು ಗೋಡೆ ಹಾಕಿ ಸೀಳಲಾಗದಾದ್ದರಿಂದ 1893ರ ವಿಭಾಗ ಕಾಯ್ದೆಯಡಿ ನ್ಯಾಯಾಲಯ ಅದನ್ನು ಮಾರಿಸಿ ಹಣ ಹಂಚಬಹುದು, ಅಥವಾ ಒಬ್ಬರ ಪಾಲನ್ನು ಮತ್ತೊಬ್ಬರಿಗೆ ಬೆಲೆಕಟ್ಟಿ ಕೊಡಿಸಬಹುದು. ವರ್ಷಗಳು ಹಿಡಿಯುವ ದಾರಿ ಅದು. ಅಷ್ಟರಲ್ಲಿ ಕಟ್ಟುವ ಬಡ್ಡಿಯನ್ನು ಎದುರಿನವರಿಗೆ ಲೆಕ್ಕ ಹಾಕಿ ತೋರಿಸಿದರೆ ಎಷ್ಟೋ ಸಲ ಫೋನು ಎತ್ತುತ್ತಾರೆ.

ಸಾಮಾನು, ಮತ್ತು ಉಳಿದ ಚಿಲ್ಲರೆ ಕೆಲಸ

ಫ್ರಿಜ್ಜು, ವಾಷಿಂಗ್ ಮೆಷೀನು, ಮಂಚಗಳನ್ನು ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರು ಒಯ್ಯುವುದು ಒಳ್ಳೆಯ ನಿಯಮ. ಗೋಡೆಗೆ ಜೋಡಿಸಿದ ಕಪಾಟುಗಳು ಮನೆಯೊಂದಿಗೇ ಉಳಿಯಲಿ, ಅವುಗಳ ಬೆಲೆ ಲೆಕ್ಕದಲ್ಲಿ ಬಂದಿರುತ್ತದೆ. ಪ್ರತಿ ಕೋಣೆಯ ವಿಡಿಯೊ ತೆಗೆದು ಇಬ್ಬರೂ ಇಟ್ಟುಕೊಂಡರೆ ‘ಮಿಕ್ಸಿ ಎಲ್ಲಿ ಹೋಯಿತು’ ಎಂಬ ಮಾತು ಬರುವುದಿಲ್ಲ. ನಮ್ಮಲ್ಲಿ ಲಕ್ಷಗಳ ಲೆಕ್ಕ ಎರಡು ಕೂಟಗಳಲ್ಲಿ ಮುಗಿದಿತ್ತು. ಕೊನೆಯ ದಿನ ಹುಡುಗನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ನೋಡಪ್ಪಾ, ಬೇರೆಲ್ಲ ನಿಮ್ಮ ತಂಗಿಯೇ ಇಟ್ಟುಕೊಳ್ಳಲಿ, ನಮ್ಮತ್ತೆಯವರ ಕಾಲದ ಆ ಹಿತ್ತಾಳೆ ಪಾತ್ರೆ ಒಂದನ್ನು ಕೊಟ್ಟುಬಿಡು’ ಎಂದರು. ಗೃಹಪ್ರವೇಶದ ದಿನ ಹಾಲುಕ್ಕಿಸಲು ಅವರೇ ತಂದಿಟ್ಟದ್ದು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ತಂಗಿ ಹುಣಸೆಹಣ್ಣು ಹಾಕಿ ತೊಳೆದು, ಒರೆಸಿ ಅವರ ಕೈಗೆ ಕೊಟ್ಟಳು. ಇಂಥ ವಸ್ತುಗಳು ಯಾವುವು ಎಂದು ಎರಡೂ ಮನೆಯವರನ್ನು ಮೊದಲ ಕೂಟದಲ್ಲೇ ಕೇಳಿಬಿಡುವುದು ಮೇಲು.

ಪತ್ರ ನೋಂದಣಿಯಾದ ಮೇಲೆ ಇ-ಖಾತಾವನ್ನು ಒಬ್ಬರ ಹೆಸರಿಗೆ ಬದಲಾಯಿಸಿ, ಹೊಸ ಋಣಭಾರ ಪತ್ರ (ಇ.ಸಿ., ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿ ಬಿಡುಗಡೆ ಪತ್ರ ಅದರಲ್ಲಿ ನಮೂದಾಗಿದೆಯೇ ನೋಡಿ. ಬೆಸ್ಕಾಂ ಮೀಟರು, ಅನಿಲ ಸಂಪರ್ಕ, ಅಪಾರ್ಟ್‌ಮೆಂಟ್ ಸಂಘದ ಸದಸ್ಯತ್ವ, ಮನೆಯ ವಿಮೆ, ಸಾಲಕ್ಕೆಂದು ಮಾಡಿಸಿದ ಜೀವವಿಮೆ, ನಿಮ್ಮ ಪಿಎಫ್ ಮತ್ತು ಬ್ಯಾಂಕ್ ಖಾತೆಗಳ ನಾಮನಿರ್ದೇಶನ, ಇವುಗಳಲ್ಲಿ ಹಳೆಯ ಹೆಸರು ಉಳಿದಿರುತ್ತದೆ. ಹೊರಹೋದವರು ಹಳೆಯ ಸಾಲದ ಖಾತೆ ಮುಚ್ಚಿದ ಪತ್ರವನ್ನು ಬ್ಯಾಂಕಿನಿಂದ ತಮ್ಮ ಹೆಸರಿನಲ್ಲಿ ಪಡೆದು, ಎರಡು ತಿಂಗಳ ನಂತರ ಸಿಬಿಲ್ ವರದಿ ತೆಗೆದು ಆ ಸಾಲ ‘ಮುಕ್ತಾಯ’ ಎಂದು ಕಾಣುತ್ತಿದೆಯೇ ಪರೀಕ್ಷಿಸಬೇಕು. ಇಲ್ಲದಿದ್ದರೆ ಅದೇ ಪತ್ರ ಲಗತ್ತಿಸಿ ಬ್ಯಾಂಕಿಗೂ ಸಿಬಿಲ್‌ಗೂ ದೂರು ಬರೆಯಬೇಕು. ಮನೆ ಉಳಿಸಿಕೊಂಡವರು ಕಾವಲುಗಾರರ ಬಳಿಯಿರುವ ಪಟ್ಟಿಯಿಂದ ಹೋದವರ ವಾಹನದ ಸಂಖ್ಯೆಯನ್ನು ತೆಗೆಸಿ, ಬಾಗಿಲಿನ ಡಿಜಿಟಲ್ ಬೀಗದಲ್ಲಿ ಉಳಿದಿರುವ ಅವರ ಬೆರಳಚ್ಚನ್ನು ಅಳಿಸಿಹಾಕಿ.